ಹಿರಿಯರ ಮಾತಿಗೆ ಎಡೆಮಾಡಿಕೊಟ್ಟ ವಿನ್ಯಾಸ: ನನ್ನ ಅನುಭವ

ದೂರದಲ್ಲಿರುವ ಮಕ್ಕಳು, ಮೊಮ್ಮಕ್ಕಳೊಂದಿಗೆ ಹಿರಿಯರ ಒಡನಾಟ ಉಳಿಸುವಂಥ ಟ್ಯಾಬ್ಲೆಟ್ ಆ್ಯಪ್ ಒಂದನ್ನು ರೂಪಿಸುವ ಹೊಣೆ ನನಗೆ ಬಂದಾಗ, ನಮ್ಮ ಕೈಯಲ್ಲಿದ್ದ ಬೇಡಿಕೆಗಳೆಲ್ಲ ಬಹುಪಾಲು ಮಕ್ಕಳವೇ ಆಗಿದ್ದವು. ಅಮ್ಮ ಎದ್ದರೇ, ಮಾತ್ರೆ ತೆಗೆದುಕೊಂಡರೇ, ಅಪ್ಪ ಎಲ್ಲಿದ್ದಾರೆ ಎಂಬುದು ತಮಗೆ ತಿಳಿಯುತ್ತಿರಬೇಕು ಎಂದು ಅವರು ಬಯಸಿದ್ದರು. ಈ ಕಾಳಜಿ ಸಹಜವಾದದ್ದೇ. 2001ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಎಲಿಜಬೆತ್ ಮೈನಾಟ್ ಮತ್ತು ಸಂಗಡಿಗರು ಪ್ರಕಟಿಸಿದ ‘ಡಿಜಿಟಲ್ ಫ್ಯಾಮಿಲಿ ಪೋರ್ಟ್ರೇಟ್’ ಕೂಡ ಇದೇ ಕಾಳಜಿಯಿಂದ ಹುಟ್ಟಿದ್ದು. ಹಿರಿಯರ ಭಾವಚಿತ್ರದ ಅಂಚಿನಲ್ಲಿ ಅವರ ದಿನದಿನದ ಚಟುವಟಿಕೆಯನ್ನು ಚಿಹ್ನೆಗಳಲ್ಲಷ್ಟೇ ತೋರಿಸುವ ಅದರ ಸಂಯಮ ನನಗೆ ಬಹಳ ಹಿಡಿಸಿತು. ಆದರೂ ಅಲ್ಲಿ ಹಿರಿಯರು ಬಾಯಿ ತೆರೆಯದೆಯೇ ಅವರ ಸುದ್ದಿ ಹೊರಗೆ ಹೋಗುತ್ತದೆ. ನನಗೆ ಬೇಕಾಗಿದ್ದದ್ದು ಅವರು ತಾವಾಗಿ ಮಾತು ತೆಗೆಯುವಂಥ ಸಾಧನ.

ಹಿರಿಯರೊಂದಿಗೆ ಕುಳಿತು ಕೇಳಿದಾಗ, ಕರೆ ಮಾಡಲು ಬಾರದೆ ಸುಮ್ಮನಿದ್ದವರಿಗಿಂತ, ಮಕ್ಕಳ ಕೆಲಸಕ್ಕೆ ಅಡ್ಡಿಯಾದೀತೆಂದು ಹಿಂಜರಿದು ಸುಮ್ಮನಿದ್ದವರೇ ಹೆಚ್ಚಾಗಿ ಕಂಡರು. ಪರದೆಯ ಮೇಲಿನ ಗುಂಡಿ ಎಷ್ಟು ದೊಡ್ಡದಾದರೂ ಈ ಹಿಂಜರಿಕೆ ಕರಗುವುದಿಲ್ಲ. ಆದ್ದರಿಂದ ವಿಡಿಯೊ ಕರೆಗಿಂತ ಧ್ವನಿ ಸಂದೇಶಕ್ಕೆ ಮೊದಲ ಸ್ಥಾನ ಕೊಟ್ಟೆವು: ಮನೆಯವರು ಕಳುಹಿಸಿದ ಫೋಟೊವನ್ನು ಮುಟ್ಟಿ ಮಾತಾಡಿದರೆ ಸಾಕು, ಆ ಮಾತು ಅದೇ ಫೋಟೊಗೆ ಅಂಟಿಕೊಂಡು ಹೋಗುತ್ತದೆ, ಕೇಳುವವರು ಬಿಡುವಾದಾಗ ಕೇಳುತ್ತಾರೆ. ಮೊಮ್ಮಕ್ಕಳು ಹಳೆಯ ಫೋಟೊಗಳನ್ನು ಕಳುಹಿಸಿ ‘ಇವರು ಯಾರು?’ ಎಂದು ಕೇಳತೊಡಗಿದ ಮೇಲಂತೂ ಬಳಕೆಯ ಸ್ವರೂಪವೇ ಬದಲಾಯಿತು. ಆ ಪ್ರಶ್ನೆಗೆ ಉತ್ತರ ಗೊತ್ತಿದ್ದದ್ದು ಹಿರಿಯರಿಗೆ ಮಾತ್ರ.

ದೇಹದ ಬದಲಾವಣೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಮಂಕಾಗುವುದು ತಾರಸ್ಥಾಯಿಯ ಸದ್ದುಗಳಾದ್ದರಿಂದ, ಸಂದೇಶ ಬಂದಾಗಿನ ಸದ್ದನ್ನು ಬರಿದೆ ಜೋರು ಮಾಡದೆ ಕೆಳಸ್ಥಾಯಿಗೆ ಇಳಿಸಿದೆವು. ಕಣ್ಣಿನ ಮಸೂರ ಹಳದಿಗಟ್ಟಿದಾಗ ನೀಲಿ, ಹಸಿರುಗಳನ್ನು ಬೇರ್ಪಡಿಸುವುದು ಕಷ್ಟವೆಂದು, ಬರೀ ಬಣ್ಣದಿಂದ ಏನನ್ನೂ ಸೂಚಿಸಲಿಲ್ಲ. ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂದು ರೂಪಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯು ಎರಡನೆಯ ಹಂತದಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕೇಳುವ 4.5:1 ಹೊಳಪಿನ ವ್ಯತ್ಯಾಸಕ್ಕೆ ನಿಲ್ಲದೆ, ಅತ್ಯುನ್ನತ ಹಂತದ 7:1 ಅನ್ನೇ ಪಾಲಿಸಿದೆವು. ಒಣಗಿದ ಬೆರಳತುದಿಯನ್ನು ಸ್ಪರ್ಶಪರದೆ ಕೆಲವೊಮ್ಮೆ ಗುರುತಿಸುವುದಿಲ್ಲ, ನಡುಗುವ ಬೆರಳು ಒಂದರ ಬದಲು ಎರಡು ಸಲ ತಾಗುತ್ತದೆ. ಹಾಗಾಗಿ ಬೆನ್ನುಬೆನ್ನಿಗೆ ಬಿದ್ದ ಎರಡನೆಯ ಸ್ಪರ್ಶವನ್ನು ಕೈಬಿಟ್ಟು, ಒತ್ತಿ ಹಿಡಿಯುವ ಕ್ರಿಯೆಗಳನ್ನು ಪೂರ್ತಿ ತೆಗೆದುಹಾಕಿದೆವು.

ಹೆಚ್ಚು ಚರ್ಚೆಯಾದದ್ದು ಮೌನದ ಬಗ್ಗೆ. ಟ್ಯಾಬ್ಲೆಟ್‌ನ ಬ್ಯಾಟರಿ ಮುಗಿದರೂ, ಇಂಟರ್ನೆಟ್ ಕಡಿದರೂ, ಹಿರಿಯರಿಗೆ ಆ ದಿನ ಮಾತಾಡುವ ಮನಸ್ಸಿಲ್ಲದಿದ್ದರೂ ಮಕ್ಕಳಿಗೆ ಕಾಣುವುದು ಒಂದೇ: ಏನೂ ಬಂದಿಲ್ಲ. ಈ ಗೊಂದಲವೇ ಆತಂಕಕ್ಕೂ, ಕೊನೆಗೆ ಇನ್ನಷ್ಟು ಸೆನ್ಸರ್‌ಗಳ ಬೇಡಿಕೆಗೂ ಕಾರಣವಾಗುತ್ತದೆ. ಯಂತ್ರದ ಸ್ಥಿತಿಯನ್ನು ಮಾತ್ರ ತಿಳಿಸುವ ಸಣ್ಣ ಸೂಚನೆಯೊಂದನ್ನು ಮಕ್ಕಳ ಫೋನಿನಲ್ಲಿ ಇಟ್ಟೆವು. ಅದೇ ಸೂಚನೆ ಹಿರಿಯರ ಪರದೆಯ ಮೇಲೂ ಕಾಣುತ್ತದೆ, ತಮ್ಮ ಬಗ್ಗೆ ಏನು ಹೊರಹೋಗುತ್ತಿದೆ ಎಂಬುದು ಅವರಿಗೆ ಮೊದಲು ತಿಳಿದಿರಬೇಕು. ಸಂದೇಶ ಕೇಳಿದರೋ ಇಲ್ಲವೋ ಎಂಬ ಗುರುತನ್ನು ಎರಡೂ ಕಡೆ ಬಿಟ್ಟುಬಿಟ್ಟೆವು. ಇದಕ್ಕೆ ಕೆಲವು ಮಕ್ಕಳು ಇಂದಿಗೂ ಒಪ್ಪಿಲ್ಲ, ಆದರೆ ಉತ್ತರಿಸದೆ ಇರುವ ಸ್ವಾತಂತ್ರ್ಯ ಅವರಿಗಿರುವಷ್ಟೇ ಅವರ ತಂದೆತಾಯಿಗೂ ಇರಬೇಕೆಂಬ ನನ್ನ ನಿಲುವು ಬದಲಾಗಿಲ್ಲ.