ಸ್ಯಾನ್ ಫ್ರಾನ್ಸಿಸ್ಕೋದಿಂದ ಕೊಲ್ಹಾರದವರೆಗೆ: ಹೊಸಬರಿಗೆ ದಾರಿಯ ಲೆಕ್ಕ

ನಮ್ಮ ಬಾಗಲಕೋಟೆ, ವಿಜಯಪುರದ ಕಡೆಯಿಂದ ಹೊಸದಾಗಿ ಇಲ್ಲಿಗೆ ಬಂದವರು ಹೆತ್ತವರಿಗೆ ಮೊದಲು ಹೇಳುವ ಸಮಾಧಾನದ ಮಾತು, ‘ಹದಿನೇಳು ತಾಸಿನ್ಯಾಗ ಊರಾಗ ಇರ್ತೀನಿ’ ಎಂಬುದು. ದಯವಿಟ್ಟು ಹಾಗೆ ಹೇಳಬೇಡಿ.

2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹಾರಿಸಿದ ಮೊದಲ ನೇರ ವಿಮಾನವು ಸುಮಾರು 14,000 ಕಿ.ಮೀ. ದಾರಿಯನ್ನು ಉತ್ತರ ಧ್ರುವದ ಮೇಲಿನಿಂದ ಸುಮಾರು 17 ಗಂಟೆಗಳಲ್ಲಿ ಕ್ರಮಿಸಿತು. ದಾರಿ ಧ್ರುವದತ್ತ ಏಕೆ ಏರುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸಲು ಗೋಳದ ಮೇಲೆ ಒಂದು ದಾರವನ್ನು ಬಿಗಿಹಿಡಿದರೆ ಸಾಕು; ಎರಡೂ ಊರುಗಳ ರೇಖಾಂಶಗಳ ನಡುವೆ ಸುಮಾರು 160 ಡಿಗ್ರಿ ಅಂತರವಿರುವುದರಿಂದ ದಾರ ತಾನಾಗಿಯೇ ಮೇಲಕ್ಕೆ ಸರಿಯುತ್ತದೆ. ದೂರ ಬದಲಾಗದಿದ್ದರೂ ಗಾಳಿ ಎದುರಾದರೆ ಹೊತ್ತು ಬದಲಾಗುತ್ತದೆ. ಆ ಹದಿನೇಳು ತಾಸು ಬರೀ ಆಕಾಶದ ಲೆಕ್ಕ, ಮನೆಯಿಂದ ಮನೆಯ ಲೆಕ್ಕವಲ್ಲ.

ಅಪ್ಪ ತೀರಿಕೊಂಡ ದಿನ ನಾನೂ ಅಣ್ಣನಿಗೆ ಹದಿನೇಳು ತಾಸು ಎಂದೇ ಹೇಳಿದ್ದೆ. ಅಂದು ನೇರ ವಿಮಾನವಿರಲಿಲ್ಲ. ಗಾಬರಿಯಲ್ಲಿ ಎರಡು ಬೇರೆ ಬೇರೆ ಟಿಕೆಟ್ ಕೊಂಡೆ. ಮೊದಲನೆಯದು ತಡವಾಯಿತು, ಎರಡನೆಯದು ತಪ್ಪಿತು. ಒಂದೇ ಟಿಕೆಟ್‌ನಲ್ಲಿದ್ದರೆ ಮುಂದಿನ ವಿಮಾನಕ್ಕೆ ಕೂರಿಸುವ ಹೊಣೆ ಕಂಪನಿಯದು, ಬೇರೆಯಾಗಿದ್ದರೆ ಆ ಹೊಣೆ ಯಾರದೂ ಅಲ್ಲ ಎಂಬುದನ್ನು ನಾನು ಅಲ್ಲಿ, ಕೌಂಟರಿನ ಎದುರು ನಿಂತು ಕಲಿತೆ. ನೀವು ಇದನ್ನು ಈಗಲೇ ಕಲಿಯಿರಿ. ಬೆಂಗಳೂರಿಗೆ ಇಳಿದ ಮೇಲೂ ಬಾಗಲಕೋಟೆಗೆ ಇಡೀ ರಾತ್ರಿಯ ಬಸ್ಸಿತ್ತು, ಅಲ್ಲಿಂದ ಕೊರ್ತಿಯ ಬಳಿ ಕೃಷ್ಣೆಯ ಸೇತುವೆ ದಾಟಿ ನಮ್ಮೂರು ಕೊಲ್ಹಾರ ಸೇರಬೇಕಿತ್ತು. ಅಣ್ಣ ಬಸ್‌ಸ್ಟ್ಯಾಂಡಿನಲ್ಲಿ ಕಾಯ್ದು ಕಾಯ್ದು ಹಿಂದಿರುಗಿದ್ದ. ನಾನು ಮನೆ ಮುಟ್ಟುವ ಹೊತ್ತಿಗೆ ಅಪ್ಪನನ್ನು ಮಣ್ಣು ಮಾಡಿ ಒಂದು ದಿನ ಕಳೆದಿತ್ತು. ನಾನು ಸರಿಯಾದ ಲೆಕ್ಕ ಹೇಳಿದ್ದರೆ ಮನೆಯವರು ಅಷ್ಟು ಹೊತ್ತು ದೇಹವನ್ನಿಟ್ಟುಕೊಂಡು ದಾರಿ ನೋಡುತ್ತಿರಲಿಲ್ಲ ಎಂಬ ಸಂಕಟ ಇಂದಿಗೂ ಹೋಗಿಲ್ಲ.

ಶ್ರೀಶೈಲಕ್ಕೆ ನಡೆದುಹೋದ ನಮ್ಮವ್ವ ದಾರಿಯನ್ನು ಮುಕ್ಕಾಮುಗಳಲ್ಲಿ ಎಣಿಸುತ್ತಾಳೆ. ಈಗ ನಾನೂ ಅವಳಿಗೆ ಹಾಗೆಯೇ ಹೇಳುತ್ತೇನೆ: ಇಲ್ಲಿಯ ಮನೆಯಿಂದ ವಿಮಾನ ಏರುವವರೆಗೆ ಒಂದು, ಬೆಂಗಳೂರಿಗೆ ಒಂದು, ಬಾಗಲಕೋಟೆಗೆ ಒಂದು, ಊರಿಗೆ ಇನ್ನೊಂದು. ಒಟ್ಟು ಎರಡು ದಿನ ಎಂದು ಹೇಳಿ, ಅದಕ್ಕಿಂತ ಮೊದಲು ಮುಟ್ಟಿದರೆ ಅದು ಅವರ ಪಾಲಿನ ಸಂತೋಷ.

ರಜೆಯ ವಿಷಯದಲ್ಲಿಯೂ ಇದೇ ತಪ್ಪಾಗುತ್ತದೆ. ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ನಮ್ಮೂರು ಮುಂದಿರುತ್ತದೆ. ಮಕ್ಕಳ ನಿದ್ದೆ ದಾರಿಗೆ ಬರಲು ದಿನಗಳೇ ಬೇಕು. ಹತ್ತು ದಿನಕ್ಕೆಂದು ಕರೆದೊಯ್ದ ಮಗಳು ಮೊದಲ ಹಗಲುಗಳನ್ನೆಲ್ಲ ನಿದ್ದೆಯಲ್ಲಿಯೇ ಕಳೆದಳು. ನೋಡಲು ಬಂದ ಸೋದರತ್ತೆಯರು ಮಲಗಿದ್ದ ಅವಳ ತಲೆ ಸವರಿ ಹೋದರು. ಮೂರು ವಾರಕ್ಕಿಂತ ಕಡಿಮೆ ರಜೆಯಿದ್ದರೆ ಮಕ್ಕಳನ್ನು ಕರೆದೊಯ್ಯಬೇಡಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ, ಆದರೆ ಮೂರು ವಾರ ಕೇಳಿ ಪಡೆಯಿರಿ.

ಒಂದು ರಾತ್ರಿ ಎರಡಕ್ಕೆ ಎದ್ದು ನೋಡಿದರೆ ಅವ್ವ, ಮಗಳು ಇಬ್ಬರೂ ಪಡಸಾಲೆಯಲ್ಲಿ ಕುಳಿತಿದ್ದರು.

‘ನಿಮ್ಮ ಊರಾಗ ಈಗ ಎಷ್ಟ ಹೊತ್ತವಾ?’

‘ಮಧ್ಯಾಹ್ನ ಒಂದೂವರೆ, ಆಯಿ.’

‘ಹಂಗಾರ ಉಣ್ಣೂ ಹೊತ್ತಾತಲ್ಲ’ ಎಂದು ಅವ್ವ ಎದ್ದು ಮೊಸರಿನ ಗಡಿಗೆಯ ಮುಚ್ಚಳ ತೆಗೆದಳು.