ಚಪ್ಪಲಿ ಉಳಿಸಿದ ಹಳೇ ಬೈರಾಸು

ಮಳೆಗಾಲ ಶುರುವಾದರೆ ನಮ್ಮ ಉಡುಪಿ ಮನೆಯಲ್ಲಿ ಚಪ್ಪಲಿಗಳೆಲ್ಲ ಅಂಗಳದಿಂದ ಜಗಲಿಗೆ ಬರುತ್ತವೆ. ಈ ಸಲ ಅಲ್ಲಿ ನಾಲ್ಕು ತಿಂಗಳ ನಾಯಿಮರಿ ಬೊಗ್ಗು ಕಾಯುತ್ತಾ ಕೂತಿದ್ದ. ಒಂದೇ ವಾರದಲ್ಲಿ ಮೂರು ಜೊತೆ ಚಪ್ಪಲಿ, ಅಜ್ಜಿಯ ಮಣೆಯ ಅಂಚು, ಕೊನೆಗೆ ಚಾರ್ಜರ್ ವೈರ್. ವೈರ್ ನೋಡಿದಾಗ ಮಾತ್ರ ನಿಜಕ್ಕೂ ಹೆದರಿಕೆ ಆಯಿತು, ಪ್ಲಗ್ ಹಾಕಿದ್ದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು ಅಲ್ವಾ?

ಗದರಿಸಿ ನೋಡಿದೆ. ಸುಮ್ನೆ ಗಂಟಲು ನೋವು. ಆಮೇಲೆ ಒಂದು ದಿನ ಗುಡಿಸುವಾಗ ಅಕ್ಕಿಕಾಳಿನಷ್ಟು ಬಿಳಿ ಚೂರು ಸಿಕ್ಕಿತು, ನೋಡಿದರೆ ಹಲ್ಲು! ನಾಯಿಮರಿಗೆ 28 ಹಾಲುಹಲ್ಲು ಉದುರಿ 42 ಹೊಸ ಹಲ್ಲು ಬರಬೇಕು, ಅದೆಲ್ಲ ಮುಗಿಯುವಾಗ ಆರೇಳು ತಿಂಗಳಾಗುತ್ತದೆ. ಅಲ್ಲಿಯವರೆಗೆ ವಸಡು ನೋವು, ಪಾಪ.

ಹಳೇ ಬೈರಾಸನ್ನು, ಅಂದರೆ ಟವೆಲನ್ನು, ಒದ್ದೆ ಮಾಡಿ, ಹಿಂಡಿ, ಗಂಟು ಹಾಕಿ ಫ್ರೀಜರಿನಲ್ಲಿಟ್ಟೆ. ಕೊಟ್ಟ ಕೂಡಲೇ ಮುಂಗಾಲಲ್ಲಿ ಒತ್ತಿ ಹಿಡಿದು ಅರ್ಧ ಗಂಟೆ ಕರಕರ ಕಚ್ಚಿದ. ನಾವು ಎದುರಿಗೇ ಕೂತಿರಬೇಕು, ನೂಲು ಬಿಚ್ಚಿಕೊಂಡರೆ ಬಿಸಾಡಬೇಕು. ಅಜ್ಜಿ ತೆಂಗಿನ ಸಿಪ್ಪೆ ಕೊಡು ಅಂದರು, ನಾನು ಕೊಡಲಿಲ್ಲ. ನಾರು ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ಬೇಯಿಸಿದ ಎಲುಬೂ ಬೇಡ, ಚೂರಾಗಿ ಚುಚ್ಚುತ್ತದೆ.

ತಂಗಿಯ ಏಳು ತಿಂಗಳ ಮಗುವಿಗೂ ಹಲ್ಲು ಬರುವ ಸಮಯ, ಇದೇ ಉಪಾಯ ಮಾಡಿದೆವು. ಆದರೆ ಅದಕ್ಕೆ ಫ್ರೀಜರ್ ಅಲ್ಲ, ಫ್ರಿಜ್ ಸಾಕು, ಗಟ್ಟಿ ಐಸಾದರೆ ವಸಡಿಗೆ ಪೆಟ್ಟು. ಮತ್ತೆ ಬಟ್ಟೆ ಬೇರೆ ಮಾರಾಯ್ರೆ, ಬೊಗ್ಗುವಿನದ್ದಲ್ಲ!