ಕೋಲಾರದ ಗಡಸು ನೀರಿನಲ್ಲಿ ಡಿಸ್ಕಸ್: ಮೊದಲ ವರ್ಷದ ನನ್ನ ಅನುಭವ

ಕೋಲಾರದ ನಮ್ಮ ಮನೆಯ ಕೊಳವೆ ಬಾವಿಯ ನೀರನ್ನು ನಾಲ್ಕು ದಿನ ಕಾಯಿಸಿದರೆ ಹಂಡೆಯ ಒಳಗೋಡೆಗೆ ಬಿಳಿ ಪೊರೆ ಕಟ್ಟುತ್ತದೆ. ಗಾಜಿನ ತೊಟ್ಟಿಯಲ್ಲಿ ಸಾಕುವ, ತಟ್ಟೆಯಂತೆ ದುಂಡಗಿನ ಡಿಸ್ಕಸ್ ಮೀನಿನ ತವರು ಅಮೆಜಾನ್ ನದಿಯ ಕವಲುಗಳು. ಅಲ್ಲಿನ ನೀರು ಬೆಚ್ಚಗಿರುತ್ತದೆ. ಕೊಳೆತ ಎಲೆ, ಕೊಂಬೆಗಳ ಸಾರ ಇಳಿದು ತುಸು ಆಮ್ಲೀಯವಾಗಿರುತ್ತದೆ. ಲವಣಾಂಶವಂತೂ ಹೆಸರಿಗೆ ಮಾತ್ರ. ಈ ಎರಡು ನೀರುಗಳ ನಡುವಿನ ಅಂತರವನ್ನು ಅರಿಯದೆ ನಾನು ಈ ಮೀನನ್ನು ಮನೆಗೆ ತಂದೆ, ಮೊದಲು ತಂದ ನಾಲ್ಕರಲ್ಲಿ ಮೂರನ್ನು ಕಳೆದುಕೊಂಡೆ. ಆ ನಷ್ಟದಿಂದ ಕಲಿತದ್ದನ್ನು, ನಮ್ಮಂಥ ಬಯಲುಸೀಮೆಯ ಊರುಗಳಲ್ಲಿ ಡಿಸ್ಕಸ್ ಸಾಕಲು ಹೊರಟವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆ ನಾಲ್ಕು ಮೀನುಗಳು ದೂರದ ಊರಿನಿಂದ ಪಾರ್ಸೆಲ್‌ನಲ್ಲಿ ಬಂದಿದ್ದವು. ಸಂಜೆ ಕಟ್ಟಿದ ಚೀಲ ನನ್ನ ಕೈ ಸೇರಿದ್ದು ಮರುದಿನ ಬೆಳಿಗ್ಗೆ. ಬೇರೆ ಮೀನುಗಳಿಗೆ ಮಾಡುತ್ತಿದ್ದಂತೆಯೇ ಚೀಲದ ಬಾಯಿ ಬಿಚ್ಚಿ, ತೊಟ್ಟಿಯ ನೀರನ್ನು ಹನಿಹನಿಯಾಗಿ ಎರಡು ಗಂಟೆ ಕಾಲ ಅದಕ್ಕೆ ಬಿಟ್ಟೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮೀನುಗಳ ಮೈ ಕಪ್ಪಾಗಿ, ಕಣ್ಣಿನಿಂದ ಬಾಲದವರೆಗೆ ಒಂಬತ್ತು ಲಂಬ ಪಟ್ಟೆಗಳು ಇದ್ದಿಲಿನಲ್ಲಿ ಎಳೆದಂತೆ ಎದ್ದು ಕಂಡವು. ಕಿವಿರುಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ನಿಧಾನವಾಗಿ ಹೊಂದಿಸುತ್ತಿದ್ದೇನೆ, ಸರಿಹೋಗುತ್ತದೆ ಎಂದೇ ನಾನು ನಂಬಿದ್ದೆ.

ಕಾರಣ ತಿಳಿದದ್ದು ಆಮೇಲೆ. ಮುಚ್ಚಿದ ಚೀಲದಲ್ಲಿ ಮೀನು ಉಸಿರಾಡಿದಂತೆಲ್ಲ ಇಂಗಾಲದ ಡೈಆಕ್ಸೈಡ್ ಸೇರಿ ನೀರಿನ ಪಿಎಚ್ ಇಳಿಯುತ್ತದೆ, ಅಂದರೆ ನೀರು ಆಮ್ಲೀಯವಾಗುತ್ತದೆ. ಮೀನು ಹೊರಹಾಕಿದ ಅಮೋನಿಯಾ ಆ ಆಮ್ಲೀಯ ನೀರಿನಲ್ಲಿ ಬಹುಮಟ್ಟಿಗೆ ನಿರಪಾಯದ ಅಮೋನಿಯಂ ರೂಪದಲ್ಲಿ ಉಳಿದಿರುತ್ತದೆ. ಚೀಲದ ಬಾಯಿ ಬಿಚ್ಚಿದೊಡನೆ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಅದರ ಮೇಲೆ ನಮ್ಮ ಕೊಳವೆ ಬಾವಿಯ ಕ್ಷಾರೀಯ ನೀರನ್ನೂ ಸೇರಿಸಿದರೆ ಪಿಎಚ್ ಏರಿ, ಸುಮ್ಮನಿದ್ದ ಅಮೋನಿಯಂ ವಿಷಕಾರಿ ಅಮೋನಿಯಾ ಆಗುತ್ತದೆ. ಪಿಎಚ್ ಒಂದು ಅಂಕ ಏರಿದರೆ ಈ ವಿಷದ ಪಾಲು ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಹಾಗಾಗಿ ಈಗ ನಾನು ಚೀಲವನ್ನು ಬಿಚ್ಚದೆ ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು ಶಾಖವನ್ನಷ್ಟೇ ಹೊಂದಿಸುತ್ತೇನೆ. ಮಾರುವವರನ್ನು ಮೊದಲೇ ಕೇಳಿ, ತೊಟ್ಟಿಯ ನೀರಿನ ಪಿಎಚ್ ಮತ್ತು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಅವರ ನೀರಿಗೆ ಹತ್ತಿರ ಇರುವಂತೆ ಸಿದ್ಧಮಾಡಿಟ್ಟಿರುತ್ತೇನೆ. ಬಿಚ್ಚಿದ ಮೇಲೆ ತಡಮಾಡದೆ ಮೀನನ್ನು ಮಾತ್ರ ಎತ್ತಿ ಬಿಡುತ್ತೇನೆ. ಚೀಲದ ನೀರು ಒಂದು ಲೋಟದಷ್ಟೂ ತೊಟ್ಟಿಗೆ ಸೇರಬಾರದು.

ಎರಡನೆಯ ಪ್ರಯತ್ನವನ್ನು ನೀರಿನಿಂದಲೇ ಆರಂಭಿಸಿದೆ. ನಮ್ಮ ಕೊಳವೆ ಬಾವಿಯ ನೀರಿನ ಟಿಡಿಎಸ್ 980, ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರಿನದು 50. ಘಟಕದ ನೀರು ಮೂರು ಪಾಲು, ಕೊಳವೆ ಬಾವಿಯದು ಒಂದು ಪಾಲು ಬೆರೆಸಿದಾಗ 280ರ ಆಸುಪಾಸಿಗೆ ಬಂತು. ತೊಟ್ಟಿಗಳಲ್ಲೇ ತಲೆಮಾರುಗಳಿಂದ ಬೆಳೆದು ಬಂದ ಡಿಸ್ಕಸ್‌ಗಳಿಗೆ ಇಷ್ಟು ಸಾಕು. ಅಮೆಜಾನಿನಿಂದಲೇ ಹಿಡಿದು ತಂದ ಮೀನಿಗೆ ಇನ್ನೂ ಮೆದು ನೀರು ಬೇಕಾಗುತ್ತದೆ, ಆದರೆ ಹೊಸಬರು ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು. ಹಾಗೆಂದು ಘಟಕದಲ್ಲಿ ಲವಣ ಸೋಸಿ ತೆಗೆದ ಆರ್‌ಒ ನೀರೊಂದನ್ನೇ ತುಂಬಬಾರದು. ಆಮ್ಲವನ್ನು ತಡೆದು ನಿಲ್ಲಿಸುವ ಲವಣಗಳು ಅದರಲ್ಲಿ ಇಲ್ಲದ ಕಾರಣ ಪಿಎಚ್ ಇದ್ದಕ್ಕಿದ್ದಂತೆ ಕುಸಿಯಬಹುದು.

ಕುಡಿಯುವ ನೀರನ್ನು ಮೀನಿಗೆ ಸುರಿಯುವುದು ನಮ್ಮ ಜಿಲ್ಲೆಯಲ್ಲಿ ಮನಸ್ಸಿಗೆ ಒಗ್ಗುವ ಕೆಲಸವಲ್ಲ. ಈ ಮುಜುಗರದಿಂದಲೇ ನಾನು ಮಳೆನೀರಿನ ಕಡೆಗೆ ಹೊರಳಿದೆ. ಸಾವಿರ ಚದರಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆಯಾದರೆ ಸುಮಾರು 900 ಲೀಟರ್ ನೀರು ಇಳಿಯುತ್ತದೆ. ಮೊದಲ ಮಳೆಯನ್ನು ಹರಿಯಬಿಟ್ಟು, ಮುಂದಿನದನ್ನು ಬಟ್ಟೆಯಲ್ಲಿ ಸೋಸಿ ಮುಚ್ಚಳವಿರುವ ನೀಲಿ ಡ್ರಮ್‌ಗಳಲ್ಲಿ ಹಿಡಿದಿಡುತ್ತೇನೆ. ಸಿಮೆಂಟಿನ ಸಂಪು ಇದಕ್ಕೆ ಆಗದು, ಸುಣ್ಣದ ಅಂಶ ಇಳಿದು ಮೆದು ನೀರು ಮತ್ತೆ ಗಡಸಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆ ಕೈಹಿಡಿದರೆ ಎರಡು ತಿಂಗಳು ಕ್ಯಾನು ತರುವ ಕೆಲಸವಿಲ್ಲ. ತೊಟ್ಟಿಯಿಂದ ದಿನವೂ ತೆಗೆಯುವ 60 ಲೀಟರ್ ನೀರು ಹಿತ್ತಲಿನ ನುಗ್ಗೆ, ದಾಸವಾಳ ಮತ್ತು ಕರಿಬೇವಿಗೆ ಹೋಗುತ್ತದೆ. ಅದರಲ್ಲಿರುವ ನೈಟ್ರೇಟ್ ಗಿಡಗಳಿಗೆ ಗೊಬ್ಬರವೇ.

ತೊಟ್ಟಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು. 240 ಲೀಟರ್ ನೀರು ಹಿಡಿಯುತ್ತದೆ. ತಳಕ್ಕೆ ಮರಳು, ಕಲ್ಲು ಏನನ್ನೂ ಹಾಕಲಿಲ್ಲ. ಮರಿಗಳಿಗೆ ದಿನಕ್ಕೆ ನಾಲ್ಕು ಸಲ ಆಹಾರ ಹಾಕಬೇಕಾಗುತ್ತದೆ, ಉಳಿದದ್ದು ಕಲ್ಲಿನ ಸಂದಿಗೆ ಸೇರಿದರೆ ಅಲ್ಲಿಯೇ ಕೊಳೆಯುತ್ತದೆ. ಹಿಂಬದಿಗೆ ತಿಳಿನೀಲಿ ಹಾಳೆ ಅಂಟಿಸಿದೆ, ಏಕೆಂದರೆ ಪಿಜನ್ ಬ್ಲಡ್ ಬಗೆಯ ಡಿಸ್ಕಸ್‌ಗಳ ಮೈಮೇಲೆ ಕಪ್ಪು ಹಿನ್ನೆಲೆಯಲ್ಲಿ ಮೆಣಸಿನ ಪುಡಿ ಉದುರಿಸಿದಂಥ ಚುಕ್ಕಿಗಳು ಹೆಚ್ಚುತ್ತವೆ. ದೊಡ್ಡ ಸ್ಪಾಂಜ್ ಫಿಲ್ಟರ್ ಎರಡು, 150 ವಾಟ್‌ನ ಹೀಟರ್ ಎರಡು. 300 ವಾಟ್‌ನ ಒಂದೇ ಹೀಟರ್ ಕೊಳ್ಳುವುದಕ್ಕಿಂತ ಇದು ಕ್ಷೇಮ. ಒಂದು ಕೆಟ್ಟು ನಿಂತರೂ ನೀರು ಒಮ್ಮೆಗೇ ತಣ್ಣಗಾಗುವುದಿಲ್ಲ, ಒಂದು ಆರದೆ ಉರಿದರೂ ಮೀನು ಬೇಯುವುದಿಲ್ಲ. ಶಾಖವನ್ನು 29 ಡಿಗ್ರಿಯಲ್ಲಿ ಇಟ್ಟಿದ್ದೇನೆ.

ಮೀನು ಬಿಡುವ ಮೊದಲು ಐದು ವಾರ, ನೀರು ತುಂಬಿ ಫಿಲ್ಟರ್ ಹಾಕಿ, ಮೀನಿಲ್ಲದ ತೊಟ್ಟಿಯನ್ನೇ ನಡೆಸಿದೆ. ಒಂದು ತುಂಡು ಸಿಗಡಿಯನ್ನು ಬಟ್ಟೆಯಲ್ಲಿ ಕಟ್ಟಿ ಒಳಗಿಟ್ಟೆ. ಅದು ಕೊಳೆತಂತೆ ಅಮೋನಿಯಾ ಏರಿತು. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಸ್ಪಾಂಜಿನಲ್ಲಿ ನೆಲೆಗೊಂಡಾಗ ಅಮೋನಿಯಾ ಇಳಿದು ನೈಟ್ರೈಟ್ ಏರಿತು. ಮತ್ತೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಆಗಿಸಿತು. ಪರೀಕ್ಷೆಯ ಪುಟ್ಟ ಕೊಳವೆಯಲ್ಲಿ ಅಮೋನಿಯಾದ ಹಸಿರು ಬಣ್ಣ ದಿನೇ ದಿನೇ ತಿಳಿಯಾಗುತ್ತಾ ಒಂದು ಬೆಳಿಗ್ಗೆ ನಿಂಬೆಹಳದಿಗೆ ತಿರುಗಿದ್ದನ್ನು ಕಂಡಾಗ ನನಗಾದ ಸಂತೋಷ ಸಣ್ಣದಲ್ಲ. ಆ ಸ್ಪಾಂಜನ್ನು ನಲ್ಲಿಯ ಕೆಳಗೆ ಎಂದೂ ತೊಳೆಯಬಾರದು, ಕ್ಲೋರಿನ್ ತಾಗಿದರೆ ಐದು ವಾರದ ಕೆಲಸ ಐದು ನಿಮಿಷದಲ್ಲಿ ಹಾಳಾಗುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಬಕೆಟ್ಟಿನೊಳಗೆ ಹಿಂಡಿದರೆ ಸಾಕು.

ಈ ಸಲ ನಾನೇ ಬೆಂಗಳೂರಿಗೆ ಹೋಗಿ, ಮರಿ ಮಾಡಿಸುವ ಹಿರಿಯರೊಬ್ಬರ ಮನೆಯಲ್ಲಿ ಮೂರು ಅಂಗುಲದ ಆರು ಮರಿಗಳನ್ನು ಆರಿಸಿದೆ. ನಾನು ಬಣ್ಣ ನೋಡುತ್ತಿದ್ದುದನ್ನು ಗಮನಿಸಿದ ಅವರು, "ಬಣ್ಣ ಆಮೇಲೆ ನೋಡೋರಂತೆ, ಮೊದಲು ಕಣ್ಣು ನೋಡಿ" ಎಂದರು. ಮೈಯ ಅಳತೆಗೆ ಕಣ್ಣು ದೊಡ್ಡದಾಗಿ ಕಂಡರೆ ಆ ಮೀನಿನ ಬೆಳವಣಿಗೆ ಕುಂಠಿತವಾಗಿದೆ ಎಂದು ಅರ್ಥ. ಎಷ್ಟು ತಿನ್ನಿಸಿದರೂ ಅದು ತಟ್ಟೆಯಂತೆ ದುಂಡಗೆ ತುಂಬಿಕೊಳ್ಳುವುದಿಲ್ಲ. ನನ್ನೆದುರೇ ಆಹಾರ ಹಾಕಿ ತೋರಿಸಿದರು. ಎರಡು, ಮೂರು ತರುವುದಕ್ಕಿಂತ ಆರು ತರುವುದೇ ಸರಿ, ಏಕೆಂದರೆ ಬಲವಾದ ಮೀನಿನ ಕಾಟ ಒಂದರ ಮೇಲೆಯೇ ಬೀಳದೆ ಹಂಚಿಹೋಗುತ್ತದೆ.

ಮೊದಲ ಎರಡು ದಿನ ಅವು ಏನನ್ನೂ ಮುಟ್ಟಲಿಲ್ಲ. ದೀಪ ಆರಿಸಿ, ತೊಟ್ಟಿಯ ಮುಂದೆ ಓಡಾಡದಂತೆ ಮನೆಯವರಿಗೆಲ್ಲ ಹೇಳಿ ಕಾದೆ. ಮೂರನೆಯ ದಿನ ಒಂದು ಮರಿ ತಳಕ್ಕೆ ಬಾಯಿಯಿಂದ ನೀರು ಊದಿ, ಅಲ್ಲಿ ಬಿದ್ದಿದ್ದ ಬ್ಲಡ್ ವರ್ಮ್ ಎಂಬ ಕೆಂಪು ಹುಳು ಮೇಲೆದ್ದೊಡನೆ ನುಂಗಿತು. ಉಳಿದವು ಅದನ್ನು ನೋಡಿ ಕಲಿತವು. ಈಗ ಸಿಗಡಿ ಮತ್ತು ಕೊಬ್ಬು ತೆಗೆದ ಕೋಳಿ ಹೃದಯವನ್ನು ರುಬ್ಬಿ, ತೆಳುವಾಗಿ ಹರಡಿ ಫ್ರೀಜರಿನಲ್ಲಿಟ್ಟು, ಚೂರು ಮುರಿದು ಹಾಕುತ್ತೇನೆ. ತಿಂದು ಅರ್ಧ ಗಂಟೆಯಾದ ಮೇಲೆ ಉಳಿದದ್ದನ್ನು ಪೈಪಿನಿಂದ ಹೀರಿ ತೆಗೆಯುತ್ತೇನೆ. ಮಲದ ಬಣ್ಣವನ್ನು ದಿನವೂ ನೋಡಬೇಕು: ಅದು ಬಿಳಿ ದಾರದಂತೆ ಜೋತು, ಮೀನು ಮೇವು ಬಿಟ್ಟು ಮೂಲೆಗೆ ಸೇರಿದರೆ ಕರುಳಿನಲ್ಲಿ ಪರೋಪಜೀವಿಗಳಿರುವ ಸಂಭವ ಹೆಚ್ಚು. ಹೀಗಾದಾಗ ಅನುಭವಿಗಳನ್ನು ಕೇಳಿ ಮೆಟ್ರೊನಿಡಜೋಲ್ ಎಂಬ ಔಷಧ ಕೊಟ್ಟೆ. ಮೀನು ಇನ್ನೂ ತಿನ್ನುತ್ತಿರುವಾಗಲೇ ಮೇವಿನಲ್ಲಿ ಬೆರೆಸಿ ಕೊಟ್ಟರೆ ಗುಣ ಬೇಗ ಕಾಣುತ್ತದೆ.

ಡಿಸೆಂಬರ್ ಚಳಿಯಲ್ಲಿ ರಾತ್ರಿ ಕರೆಂಟು ಹೋಗುವುದು ಉಳಿದ ಚಿಂತೆ. ಹೀಟರ್‌ಗಳನ್ನು ಇನ್ವರ್ಟರಿಗೆ ಸೇರಿಸಿದರೆ ಬ್ಯಾಟರಿ ಬೆಳಗಿನವರೆಗೆ ಬಾರದು. ಆದ್ದರಿಂದ ಏರ್ ಪಂಪ್ ಒಂದನ್ನೇ ಅದಕ್ಕೆ ಕೊಟ್ಟಿದ್ದೇನೆ. ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ ಗಾಳಿ ನಿಲ್ಲುವಂತಿಲ್ಲ. ತೊಟ್ಟಿಗೆ ಎರಡು ಕಂಬಳಿ ಸುತ್ತುತ್ತೇನೆ. ಕಳೆದ ಚಳಿಗಾಲದಲ್ಲಿ ಐದು ಗಂಟೆ ಕರೆಂಟಿಲ್ಲದ ಒಂದು ರಾತ್ರಿ ಕಳೆದು ಕಂಬಳಿ ಸರಿಸಿ ನೋಡಿದಾಗ ಶಾಖ 29ರಿಂದ 27ಕ್ಕೆ ಇಳಿದಿತ್ತು. ಆರೂ ಮೀನುಗಳು ಗಾಜಿನ ಹತ್ತಿರ ಬಂದು ಬೆಳಗಿನ ಮೇವಿಗೆ ಕಾಯುತ್ತಿದ್ದವು.